ನೀಲಗಂಗವ್ವ ತಂದ ತವರಿನ ಸೀರೆ

ಹೊಸ್ತಿಲು ದಾಟಲು ಎತ್ತಿದ ಕಾಲನ್ನು ನೀಲಗಂಗವ್ವ ಇಳಿಸುವ ಮೊದಲೇ ಓಣಿಯ ಹಿರಿಯ ಕೊಟ್ರಪ್ಪ ಕೈ ಅಡ್ಡ ಹಿಡಿದ.

"ಅಲ್ಲೇ ನಿಂದ್ರವಾ. ಆ ಸೀರಿ ಯಾವ ಮನೀದು?"

"ತವರಮನೀದು. ರಾಣೆಬೆನ್ನೂರಿಂದ ತಂದೇನಿ. ಆಕಿ ಅಣ್ಣ, ನನ್ನ ಗಂಡ, ಹೋದ ಮ್ಯಾಲೆ ತವರು ಅಂದ್ರ ನಾನ."

ಒಳಗೆ ಗೋಡೆಗೆ ಒರಗಿಸಿ ಕೂರಿಸಿದ್ದ ದೇವವ್ವನ ಹಣೆಗೆ ವಿಭೂತಿ ಬಳಿದಾಗಿತ್ತು. ಬ್ಯಾಡಗಿಯಲ್ಲಿ ಇಪ್ಪತ್ತೆರಡು ವರ್ಷ ಮೆಣಸಿನಕಾಯಿ ತೊಟ್ಟು ಬಿಡಿಸಿದವಳು, ಆ ದುಡಿಮೆಯಲ್ಲೇ ಮಗಳು ಅಂಜಲಿಯನ್ನು ನರ್ಸ್ ಮಾಡಿದವಳು. ತವರಿನ ಸೀರೆ ಉಡಿಸದೆ ಹೆಣ್ಣುಮಗಳ ಹೆಣ ಎತ್ತುವ ಹಾಗಿಲ್ಲ. ಮಣ್ಣಿಗೆ ಬಂದ ಜನ ಬೆಳಗಿನಿಂದ ಕಾದದ್ದು ಅದಕ್ಕೇ. ಸೀರೆಯೇನೋ ಬಂತು, ಆದರೆ ಯಾರ ಕೈಯಲ್ಲಿ ಬಂತು ನೋಡಿ!

"ಆವತ್ತು ಬಾಗಲಾ ಹಾಕಿದಾಕಿ ಇಕೀನ ಅಲ್ಲೇನ?" ದೇವವ್ವನ ಜೊತೆ ಕೆಲಸ ಮಾಡುತ್ತಿದ್ದ ಜೈತೂನಬಿ ಎದ್ದು ನಿಂತಳು. "ಈಗ್ಯಾಕ ಬಂದೀರಿ?"

*

೧೯೮೪ರಲ್ಲಿ ಗಂಡನ ಹೊಡೆತ ತಾಳದೆ ದೇವವ್ವ ಎರಡು ವರ್ಷದ ಕೂಸನ್ನು ಬಗಲಲ್ಲಿಟ್ಟುಕೊಂಡು ಹಾವೇರಿಯಿಂದ ತವರಿಗೆ ಬಂದಿದ್ದಳು. ಅಣ್ಣ ಊರಲ್ಲಿರಲಿಲ್ಲ.

"ನಂಗೂ ಹೆಣ್ಮಕ್ಕಳದಾವು. ಗಂಡನ್ನ ಬಿಟ್ಟಾಕಿ ಮನ್ಯಾಗ ಇದ್ರ ಜನಾ ಏನಂತಾರ?" ಎಂದು ನೀಲಗಂಗವ್ವ ಅಗಳಿ ಹಾಕಿದಳು. ಹೊರಗೆ ಕೂಸು ಅಳುತ್ತಿತ್ತು. ಅದಕ್ಕೊಂದು ವಾಟಗ ಹಾಲನ್ನೂ ಕೊಡಲಿಲ್ಲ. ಮುಂದೆ ಅವಳ ಹೆಣ್ಣುಮಕ್ಕಳ ಮದುವೆಯಾಯಿತು, ಆ ಅಳು ಮಾತ್ರ ಕಿವಿ ಬಿಟ್ಟು ಹೋಗಲಿಲ್ಲ.

ಬ್ಯಾಡಗಿಗೆ ಹುಡುಕಿಕೊಂಡು ಹೋಗಲು ಹದಿನೇಳು ವರ್ಷ ಬೇಕಾಯಿತು. ಕೆಂಪು ರಾಶಿಯ ಮುಂದೆ ಕೂತಿದ್ದ ದೇವವ್ವ ಅವಳನ್ನು ಕಂಡರೂ ಕೈ ನಿಲ್ಲಿಸಲಿಲ್ಲ.

"ಮಾಫಿ ಕೇಳಾಕ ಬಂದೀಯೇನ ಅತ್ತಿಗಿ? ಅದು ನನ್ನ ಕಡೆ ಇಲ್ಲ. ಮದ್ಲ ನಿನ್ನ ಬೈದೆ. ಆಮ್ಯಾಲೆ, ತಾಳಿಕೊಂಡು ಗಂಡನ ಮನ್ಯಾಗ ಇರಬೇಕಿತ್ತೇನೋ ಅಂತ ನನ್ನ ನಾನ ಬೈಕೊಂಡೆ. ಒಂದಿನ ಸಾಕಾತು, ಬಿಟ್ಟೆ. ನಿನ್ನ ನೀನೂ ಬಿಡು. ಆ ಕೆಲಸಾ ನಂಗ್ಯಾಕ ಹಚ್ಚತೀದಿ? ಕುಂದ್ರು, ತೊಟ್ಟು ಬಿಡಸು."

ನೀಲಗಂಗವ್ವ ಕೂತಳು. ಸಂಜೆಗೆ ಕೈ ಉರಿದು ಕಣ್ಣಲ್ಲಿ ಧಾರಾಕಾರ ನೀರು. ದೇವವ್ವ ನಕ್ಕುಬಿಟ್ಟಳು.

"ಮೆಣಸಿನಕಾಯಿಗೆ ಅತ್ತದ್ದು ಲೆಕ್ಕಕ್ಕಿಲ್ಲ!"

*

"ಆಕಿ ಕಾಲ ಹಿಡದು ತಪ್ಪಾತು ಅನ್ನು. ಆಮ್ಯಾಲೆ ಸೀರಿ," ಎಂದು ಕೊಟ್ರಪ್ಪ ತೀರ್ಪು ಕೊಟ್ಟ.

ಜನರ ಬಾಯಿಗೆ ಹೆದರಿಯೇ ಅಲ್ಲವೇ ಅವತ್ತು ಅಗಳಿ ಹಾಕಿದ್ದು? ಇವತ್ತು ಅದೇ ಬಾಯಿಗೆ ಹೆದರಿ ಕಾಲು ಹಿಡಿದರೆ ಇನ್ನೊಮ್ಮೆ ಬಾಗಿಲು ಹಾಕಿದ ಹಾಗೆ. ನೀಲಗಂಗವ್ವನಿಗೆ ಸಿಟ್ಟು ನೆತ್ತಿಗೇರಿತು.

"ಬಾಗಲಾ ಹಾಕಿದ್ದು ಖರೇ. ಕೂಸಿಗೆ ಹಾಲ ಕೊಡಲಿಲ್ಲ, ಅದೂ ಖರೇ. ಎಲ್ಲಾರೂ ಕೇಳ್ರಿ. ಆದ್ರ ಕಾಲ ಹಿಡಿಯಂಗಿಲ್ಲ. ಬದುಕಿದ್ದಾಗ ಆಕಿ ಬ್ಯಾಡ ಅಂದದ್ದನ್ನ ಈಗ ನಿಮ್ಮ ಸಲುವಾಗಿ ಮಾಡಂಗಿಲ್ಲ. ನನ್ನ ನಾ ಬಿಟ್ಟೇನಿ. ನೀವ್ಯಾಕ ಹಿಡಕೊಂಡು ಕುಂತೀರಿ?"

ಒಳಗಿನಿಂದ ಅಂಜಲಿಯ ದನಿ ಬಂತು.

"ಅಜ್ಜಾ, ಕೈ ತಗೀರಿ. ಅತ್ತಿ ಒಳಗ ಬರಲಿ."

ಕೊಟ್ರಪ್ಪನ ಕೈ ಇಳಿಯಿತು. ಜೈತೂನಬಿ ತಾನೇ ಹೋಗಿ ದೇವವ್ವನ ಹೆಗಲಿಗೆ ಕೈ ಕೊಟ್ಟಳು. ನೀಲಗಂಗವ್ವ ನಿರಿಗೆ ಹಿಡಿದು ಸೀರೆ ಉಡಿಸಿದಳು. ಪದ್ಧತಿಯಂತೆ ಸೆರಗನ್ನು ತಲೆಯ ಮೇಲೆ ಹೊದಿಸಿದಳು.

"ತಲಿಮ್ಯಾಲೆ ಬ್ಯಾಡ ಅತ್ತಿ," ಎಂದಳು ಅಂಜಲಿ. "ಅವ್ವ ಹಂಗ ಹೊರಗ ಹೋದಾಕಿ ಅಲ್ಲ."

"ಏ, ಹಿರೇರು ಕುಂತೀವಿ ಇಲ್ಲೆ!" ಕೊಟ್ರಪ್ಪ ಗುಡುಗಿದ.

ನೀಲಗಂಗವ್ವ ತಿರುಗಿಯೂ ನೋಡಲಿಲ್ಲ. ಸೆರಗನ್ನು ತಲೆಯಿಂದ ತೆಗೆದು, ಬೆನ್ನ ಹಿಂದಿನಿಂದ ಸುತ್ತಿ ತಂದು, ದುಡಿಯಲು ಹೊರಟವಳ ಹಾಗೆ ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿದಳು.

ಭಜನೆ ಶುರುವಾಯಿತು. ಬ್ಯಾಡಗಿಯ ಪೇಟೆಯ ನಡುವೆ ದೇವವ್ವ ಬರಿತಲೆಯಲ್ಲಿ, ಸೊಂಟಕ್ಕೆ ಸೆರಗು ಕಟ್ಟಿ, ಹಿರಿಯರ ಹೆಗಲ ಮೇಲೆ ಕೂತು ಹೊರಟಳು.