ಐದನೆಯ ಹಾಡಿನ ಹಳ್ಳ

ನಮ್ಮ ದೊಡ್ಡಮ್ಮ ನಡೆದು ಬರುವಾಗ ಮೊದಲು ಕಾಣಿಸುವುದು ಅವಳ ಗದ್ದ. ಅದರ ಹಿಂದೆ, ಮೊಣಕೈಯಲ್ಲಿ ಬಿಳಚಿಕೊಂಡ ಕಪ್ಪು ಚರ್ಮದ ಕೋಟು. ಇವೆರಡೂ ಬಂದು ತಲುಪಿದ ಮೇಲೆ, ಇವುಗಳ ಯಜಮಾನಿಯ ಗತ್ತಿನಲ್ಲಿ, ಅವಳು. ಸಿಟಿ ಬಸ್ಸಿನ ಡ್ರೈವರಾಗಿ ನಿವೃತ್ತಳಾದ ಈ ನನ್ನ ತಾಯಿಯ ಅಕ್ಕ, ಬಸ್ಸಿನ ಅಗಲವನ್ನೇ ತನ್ನ ಮೈಯ ಅಗಲವೆಂದು ಭಾವಿಸಿ ಬೀದಿಯ ನಟ್ಟನಡುವೆ ನಡೆಯುತ್ತಾಳೆ. ಎದುರಿಗೆ ಬಂದವರು ತಾವಾಗಿಯೇ ಪಕ್ಕಕ್ಕೆ ಸರಿಯುತ್ತಾರೆ. ಸರಿದಾದ ಮೇಲೆ, ಯಾಕಪ್ಪಾ ಸರಿದೆವು ಎಂದು ಯೋಚಿಸುತ್ತಾರೆ. ವಾದಕ್ಕಿಳಿದರೆ ಮಾತಿನ ಕೊನೆಗೆ "ಹೌದೋ ಅಲ್ವೋ?" ಎಂದು ಕೇಳುತ್ತಾಳೆ. ಉತ್ತರಕ್ಕೆ ಕಾಯುವ ಪದ್ಧತಿ ಅವಳಲ್ಲಿಲ್ಲ.

ಕೋಟಿನ ವಿಷಯದಲ್ಲಿ ಡಿಪೋದ ಮೇಲಧಿಕಾರಿಯೊಬ್ಬರು ಒಮ್ಮೆ ಅವಳನ್ನು ತಡೆದು, ಕೆಲಸದ ವೇಳೆ ಸಮವಸ್ತ್ರವನ್ನೇ ಧರಿಸಬೇಕೆಂದು ಗದರಿದರಂತೆ. "ಒಳಗಡೆ ಹಾಕ್ಕೊಂಡಿದೀನಿ ಸಾರ್, ನನ್ನ ಮಾತು ನಂಬಿ," ಎಂದಳಂತೆ ಇವಳು. ಆ ಸಜ್ಜನರು ಕಿವಿಯವರೆಗೂ ಕೆಂಪಾಗಿ ತಮ್ಮ ಕೊಠಡಿಗೆ ಹೋದವರು ಮತ್ತೆ ಆ ಪ್ರಸ್ತಾಪ ಎತ್ತಲಿಲ್ಲ.

ಆ ಕೋಟಿಗೊಂದು ಮೂಲವಿದೆ. ಅಂಥದೇ ಕೋಟನ್ನು ತೊಟ್ಟ ನಾಲ್ವರು ಗಂಡಸರು ಒಂದು ಹಾರ್ಡ್ ರಾಕ್ ಆಲ್ಬಮ್ಮಿನ ಹಿಂಬದಿಯಲ್ಲಿ, ಜಗತ್ತಿನ ಮೇಲೆಲ್ಲ ಮುನಿಸಿಕೊಂಡವರಂತೆ ನಿಂತಿದ್ದಾರೆ. ಮುಂಬದಿಯಲ್ಲಿ ಹೊತ್ತಿ ಉರಿಯುತ್ತಿರುವ ಒಂದು ಕುರ್ಚಿ. ಡ್ರೈವಿಂಗ್ ತರಬೇತಿಗೆ ಸೇರಿದಾಗ ಮೊದಲ ಸಂಬಳದಲ್ಲಿ, ಹಳೆಯ ಸಾಮಾನಿನ ಅಂಗಡಿಯ ಮೂಲೆಯಿಂದ, ಆ ಉರಿಯುವ ಕುರ್ಚಿಯ ಚಿತ್ರಕ್ಕೆ ಮರುಳಾಗಿಯೇ ದೊಡ್ಡಮ್ಮ ಆ ರೆಕಾರ್ಡನ್ನು ಕೊಂಡು ತಂದದ್ದು. ಒಳಗಿನ ಸಂಗೀತ ಹೇಗಿದೆಯೆಂದು ಅವಳಿಗೆ ಗೊತ್ತಿರಲಿಲ್ಲ. ಮೊದಲ ಹಾಡಿನಲ್ಲಿ ಗಿಟಾರ್, ಚಳಿಗೆ ಹಿಡಿದುಕೊಂಡ ಎಂಜಿನ್ನಿನಂತೆ ಎರಡು ಸಲ ಕೆಮ್ಮಿ, ಮೂರನೆಯದಕ್ಕೆ ಭಗ್ಗನೆ ಹೊತ್ತಿಕೊಳ್ಳುತ್ತದೆ. ಅಲ್ಲಿಂದ ಮುಂದೆ ಡ್ರಮ್ಮುಗಳ ಆರ್ಭಟ, ಗಾಯಕನ ಒಡೆದ ಕಂಠ, ಯಾರ ಅಪ್ಪಣೆಯನ್ನೂ ಬೇಡದ ಒಂದು ಉದ್ಧಟ ಉಲ್ಲಾಸ. ಕಿವಿಗೆ ಇಂಪಾಗಿರುವುದೇ ಸಂಗೀತದ ಪರಮಧರ್ಮವೆಂದು ನಂಬಿದ ನಮ್ಮ ಬಂಧುಬಳಗವೆಲ್ಲ ಅದನ್ನು ಗಲಾಟೆ ಎಂದಿತು. ಗಲಾಟೆಯೇ ಹೌದು, ಆದರೆ ಅದೆಂಥ ಗಲಾಟೆ! ಮೈಯೊಳಗೆ ವರ್ಷಗಳಿಂದ ಬಾಯಿಮುಚ್ಚಿ ಕೂತದ್ದೆಲ್ಲ ಎದ್ದು ನಿಂತು ದನಿ ತೆಗೆದ ಗಲಾಟೆ.

ಐದನೆಯ ಹಾಡಿನ ಸಂಗತಿಯನ್ನು ಬೇರೆಯಾಗಿಯೇ ಹೇಳಬೇಕು. ಮನೆಯಿಂದ ಹೊರದೂಡಲ್ಪಟ್ಟ ಒಬ್ಬ, ಬೀದಿಯಲ್ಲಿ ನಿಂತು ಮುಚ್ಚಿದ ಬಾಗಿಲಿಗೆ ಹೇಳುವ ಮಾತು ಅದು. ನಿನ್ನ ದೀಪ ನೀನಿಟ್ಟುಕೋ, ನಿನ್ನ ಹಾಸಿಗೆ ನೀನಿಟ್ಟುಕೋ ಎಂದು ಏರುತ್ತ ಏರುತ್ತ ಹೋದವನು, ಒಂದು ಕಡೆ ಉಸಿರೆಳೆದು "ಆದರೂ..." ಎನ್ನುವಷ್ಟರಲ್ಲಿ ಮಾತು ತುಂಡಾಗಿ, ಗಿಟಾರ್ ಧುಮುಕಿ ಬರುತ್ತದೆ. ಚಕ್ರ ಗುಂಡಿಗೆ ಇಳಿದು ಎದ್ದ ಹಾಗೆ ಹಾಡು ಕುಪ್ಪಳಿಸುತ್ತದೆ. ಡಿಪೋದ ಮಂದಿ ಆ ಜಾಗವನ್ನು 'ಹಳ್ಳ' ಎಂದು ಕರೆದರು. ದೊಡ್ಡಮ್ಮನ ರೆಕಾರ್ಡಿನಿಂದಲೇ ಎಲ್ಲರೂ ಕ್ಯಾಸೆಟ್ ಮಾಡಿಸಿಕೊಂಡದ್ದರಿಂದ ಎಲ್ಲರ ಮನೆಯಲ್ಲೂ ಅದೇ ಹಳ್ಳ. ವಾರದ ರಜೆಯ ಮಧ್ಯಾಹ್ನ, ಸೈಕಲ್ ಅಂಗಡಿಯ ಮೇಲಿನ ಅವಳ ಬಾಡಿಗೆ ಕೋಣೆಯಲ್ಲಿ ಸೇರಿ ಆಲ್ಬಮ್ಮಿನ ಎರಡೂ ಬದಿಗಳನ್ನು ಮಾತಿಲ್ಲದೆ ಕೇಳುವುದು. ಹಳ್ಳ ಬಂದಾಗ ಎಲ್ಲರೂ ಒಟ್ಟಿಗೆ ಎಗರಿ ನೆಲಕ್ಕೆ ಕಾಲು ಅಪ್ಪಳಿಸುವುದು: ಇದು ಅವರ ವ್ರತ. ಗುಂಪು ಕರಗುತ್ತ ಬಂದು ಈಗ ಉಳಿದವರು ಮೂವರು. ದೊಡ್ಡಮ್ಮ, ಅವಳ ಬಸ್ಸಿನ ಕಂಡಕ್ಟರಾಗಿದ್ದ, ಎಗರಿದರೆ ತಲೆ ಸೂರಿಗೆ ತಾಗುವ ಉದ್ದಣ್ಣ, ಮತ್ತು ಡಿಪೋದಲ್ಲಿ ಟೈರ್ ಬದಲಿಸುತ್ತಿದ್ದ, ಮಂಡಿನೋವಿನಿಂದಾಗಿ ಈಗ ಒಂದೇ ಕಾಲು ಎತ್ತುವ ಟೈರ್ ಮಾವ.

ದೊಡ್ಡಪ್ಪನ ಮನೆಯನ್ನು ಅವಳು ಬಿಟ್ಟ ಕತೆ ನಮ್ಮ ಕುಟುಂಬದಲ್ಲಿ ಎಲ್ಲರಿಗೂ ಗೊತ್ತು. ಹೆಂಡತಿ ಬಸ್ ಓಡಿಸಿದರೆ ತಾನು ತಲೆಯೆತ್ತಿ ತಿರುಗುವುದು ಹೇಗೆ ಎಂಬುದು ಆತನ ಚಿಂತೆ. ಮನೆ ಬೇಕೋ ಸ್ಟಿಯರಿಂಗ್ ಬೇಕೋ ಎಂದು ಕೇಳಿದ. ಅವಳು ರೆಕಾರ್ಡನ್ನು ಕಂಕುಳಲ್ಲಿಟ್ಟುಕೊಂಡು ಹೊರಟೇಬಿಟ್ಟಳು. ಅದಾದ ಮೇಲೆ ನಡೆದದ್ದನ್ನು ಮಾತ್ರ ಅವಳು ನನಗೊಬ್ಬನಿಗೇ ಹೇಳಿದ್ದಾಳೆ. ಒಂಟಿ ಕೋಣೆ, ತಣ್ಣಗಿನ ಅನ್ನ, ಜ್ವರ ಬಂದರೆ ನೀರು ಕೊಡುವವರಿಲ್ಲ. ಸಾಕಾಗಿ, ಒಂದು ದಿನ ಡ್ಯೂಟಿ ಮುಗಿಸಿ ಆ ಮನೆಯ ಬಾಗಿಲಿಗೇ ಹೋದಳಂತೆ.

"ತಪ್ಪಾಯ್ತು ಅಂತ ಹೇಳೋಕೇ ಹೋಗಿದ್ದೆ ಕಣೋ. ಬೆಲ್ ಮೇಲೆ ಬೆರಳೂ ಇಟ್ಟಿದ್ದೆ. ತಲೇಲಿ ಆ ಹಾಡು ಓಡ್ತಾ ಇತ್ತು. ಹಾಡಿನವನೂ ಬಾಗಿಲ ಮುಂದೆನೇ ನಿಂತಿದಾನೆ, ನಾನೂ ನಿಂತಿದೀನಿ. ಆದರೂ ಅಂದ, ಬಾಯಿ ಮುಚ್ಕೊಂಡ, ಗಿಟಾರ್ ಬಂತು. ಅವನೇ ಬೇಡ್ಕೊಳ್ಳಲಿಲ್ಲ, ನಾನ್ಯಾಕೆ ಬೇಡ್ಕೊಳ್ಳಲಿ? ಹೌದೋ ಅಲ್ವೋ? ವಾಪಸ್ ಬಂದೆ."

ಹೀಗೆ ಒಂದು ಹಾಡಿನ ಮೇಲೆ ಬೆನ್ನು ಆನಿಸಿ ನಿಂತ ಹೆಂಗಸಿನ ಕೋಣೆಗೆ, ಹೋದ ವರ್ಷ, ಒಬ್ಬ ಹಲ್ಲಿನ ಡಾಕ್ಟರು ಬಂದರು. ಹಳೆಯ ರೆಕಾರ್ಡುಗಳನ್ನು ಸಂಗ್ರಹಿಸುವುದು ಅವರ ಹವ್ಯಾಸ. ಬಹಳ ವಿನಯವಂತರು, ರೆಕಾರ್ಡನ್ನೂ ಕೈಗವಸು ಹಾಕಿಯೇ ಮುಟ್ಟುವವರು. ಈ ಆಲ್ಬಮ್ಮಿನ ಹಿರಿಯ ಅಭಿಮಾನಿಗಳು ಇಲ್ಲಿದ್ದಾರೆಂದು ಕೇಳಿ ಹುಡುಕಿಕೊಂಡು ಬಂದಿದ್ದರು. ಅವರ ಎದುರಿಗೇ ವ್ರತ ನಡೆಯಿತು, ಹಳ್ಳ ಬಂತು, ಮೂವರೂ ಎಗರಿದರು. ಡಾಕ್ಟರು ಹಲ್ಲಿನಲ್ಲಿ ಹುಳುಕು ಕಂಡವರ ಮುಖಭಾವದಿಂದ ಮುಂದಕ್ಕೆ ಬಾಗಿದರು.

"ಅಮ್ಮಾ, ಬೇಜಾರು ಮಾಡ್ಕೋಬೇಡಿ. ಅಲ್ಲಿ ಗೀರು ಬಿದ್ದಿದೆ. ಮುಳ್ಳು ಹಾರ್ತಾ ಇದೆ. ಮಧ್ಯೆ ಎರಡು ಸಾಲು ನಿಮಗೆ ಕೇಳಿಸ್ತಾನೇ ಇಲ್ಲ."

ಅಷ್ಟಕ್ಕೇ ಬಿಡದೆ, ಸತ್ಕಾರ್ಯವೆಂದೇ ತಿಳಿದು, ತಮ್ಮ ಚೀಲದಿಂದ ಕಲೆಯಿಲ್ಲದ ಪ್ರತಿಯೊಂದನ್ನು ತೆಗೆದು ಹಾಕಿದರು. ಐದನೆಯ ಹಾಡು ಏರಿತು. ಗಾಯಕ "ಆದರೂ" ಎಂದ. ಮೂವರೂ ಎಗರಿ ಕಾಲು ಅಪ್ಪಳಿಸಿದರು, ಗಿಟಾರ್ ಬರಲಿಲ್ಲ. ಎಲ್ಲ ವಾದ್ಯಗಳೂ ಸುಮ್ಮನಾದ ಆ ನಿಶ್ಶಬ್ದದಲ್ಲಿ ಗಾಯಕನ ಮೆತ್ತಗಿನ ದನಿ ಮಾತ್ರ ಕೇಳಿಸಿತು: ಆದರೂ ಬಾಗಿಲು ತೆರೆ, ತಪ್ಪು ನನ್ನದೇ, ನನ್ನನ್ನು ಒಳಗೆ ಸೇರಿಸಿಕೋ. ನೆಲದ ಮೇಲೆ ನಿಂತಿದ್ದ ಮೂರು ಮುದಿ ಜೀವಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡವು.

"ಚೆನ್ನಾಗೇ ಇದೆಯಲ್ಲ," ಎಂದ ಉದ್ದಣ್ಣ, ಸುಮ್ಮನಿರಲಾರದೆ.

"ಇವನ್ಯಾರು?" ಎಂದಳು ದೊಡ್ಡಮ್ಮ. "ನಮ್ಮವನು ಬೇಡ್ಕೊಳ್ಳೋನಲ್ಲ."

"ಅವರು ಬರೆದಿದ್ದೇ ಹೀಗಮ್ಮಾ," ಎಂದರು ಡಾಕ್ಟರು. ಅವರು ಹೇಳಿದ್ದು ಸತ್ಯ. ಸತ್ಯವನ್ನು ಅಷ್ಟು ಮೃದುವಾಗಿ ಹೇಳಬಲ್ಲ ಜನರ ಮೇಲೆ ನನಗೆ ಆ ಹೊತ್ತು ವಿಪರೀತ ಕೋಪ ಬಂತು.

ಅದಾದ ಮೇಲೆ ಕೆಲವು ವಾರ ಆ ಕೋಣೆಯಲ್ಲಿ ರೆಕಾರ್ಡ್ ತಿರುಗಲಿಲ್ಲ. ಪ್ಲೇಯರಿನ ಮೇಲೆ ಬಟ್ಟೆ ಹೊದಿಸಿತ್ತು. ದೊಡ್ಡಮ್ಮ ಕಿಟಕಿಯ ಬಳಿ ಕೂತು ಕೆಳಗೆ ಹೋಗುವ ಬಸ್ಸುಗಳ ಗೇರು ಬದಲಾಗುವುದನ್ನು ಕೇಳುತ್ತಿದ್ದಳು. "ಅವತ್ತು ನನ್ನ ರೆಕಾರ್ಡ್ ಚೊಕ್ಕವಾಗಿದ್ದಿದ್ರೆ ನಾನು ಬೆಲ್ ಒತ್ತಿರ್ತಿದ್ದೆ," ಎಂದಳು ಒಮ್ಮೆ. "ಅಷ್ಟೂ ವರ್ಷ ಒಂದು ಗೀರನ್ನ ನಂಬ್ಕೊಂಡು ಬದುಕಿದ್ನೇನೋ?" ಅವಳಿಗೆ ಬೇಕಾದ ಉತ್ತರವನ್ನು ಅವಳೇ ಹುಡುಕಿಕೊಳ್ಳಬೇಕಿತ್ತು.

ಹುಡುಕಿಕೊಂಡಳು. ಆಲ್ಬಮ್ ಹೊರಬಂದ ವಾರ್ಷಿಕೋತ್ಸವಕ್ಕೆಂದು ಡಾಕ್ಟರು ಮತ್ತು ಅವರ ಗೆಳೆಯರು ಒಂದು ಸಭಾಂಗಣದಲ್ಲಿ ಕಾರ್ಯಕ್ರಮ ಏರ್ಪಡಿಸಿದರು. ಎಳೆಯರ ತಂಡವೊಂದು ಇಡೀ ಆಲ್ಬಮ್ಮನ್ನು ನುಡಿಸುವುದೆಂದಾಯಿತು. ನಮಗೂ ಟಿಕೆಟ್ ಕಳಿಸಿದ್ದರು. ಹೋಗುವುದು ಬೇಡವೆಂದು ನಾನಂದೆ. ದೊಡ್ಡಮ್ಮ ಕೋಟಿಗೆ ಎಣ್ಣೆ ತಿಕ್ಕುತ್ತಿದ್ದಳು. ನನ್ನ ಮಾತು ಅವಳ ಕಿವಿಗೆ ಬಿದ್ದಂತೆ ಕಾಣಲಿಲ್ಲ.

ಮುಂದಿನ ಸಾಲಿನಲ್ಲಿ ಮೂವರೂ ನಿಂತರು. ಹುಡುಗರು ಸೊಗಸಾಗಿಯೇ ನುಡಿಸಿದರು. ಸುಳ್ಳೇಕೆ ಹೇಳಲಿ, ಮೊದಲ ಹಾಡಿಗೆ ನನ್ನ ಮೈ ಜುಮ್ಮೆಂದಿತು. ಐದನೆಯದು ಬಂತು. ಹಾಡುವ ಹುಡುಗ ಕಣ್ಣು ಮುಚ್ಚಿ "ಆದರೂ" ಎಂದ, ವಾದ್ಯಗಳೆಲ್ಲ ನಿಂತವು, ನೂರಾರು ಜನ ಉಸಿರು ಬಿಗಿಹಿಡಿದರು. ಆ ಮೌನದ ನಟ್ಟನಡುವೆ ಮೂವರು ಮುದುಕರು ಎಗರಿ ಮರದ ನೆಲಕ್ಕೆ ಧಡಾರನೆ ಕಾಲು ಅಪ್ಪಳಿಸಿದರು. ಟೈರ್ ಮಾವ ಈ ಸಲ ಎರಡೂ ಕಾಲು ಎತ್ತಿದ್ದ. ಹುಡುಗ ಬೆಚ್ಚಿ ಸಾಲು ಮರೆತ. ತಡವರಿಸಿ, ಮತ್ತೆ ಹಿಡಿದು, ಬೇಡಿಕೊಳ್ಳುವ ಆ ಎರಡು ಸಾಲನ್ನು ಹೇಗೋ ಮುಗಿಸಿದ. ಹಿಂದಿನಿಂದ ಜನ ಉಸ್ ಉಸ್ ಎಂದರು. ಸಭಾಂಗಣದ ಸಿಬ್ಬಂದಿಯೊಬ್ಬ ಓಡಿಬಂದು, "ಏನಜ್ಜಿ ಇದು? ಎಲ್ಲಿ ಕುಣೀಬೇಕು ಅಂತ ಗೊತ್ತಾಗಲ್ವಾ?" ಎಂದ.

"ಗೊತ್ತಿದ್ದೇ ಕುಣಿದಿದ್ದು," ಎಂದಳು ದೊಡ್ಡಮ್ಮ. "ಬೇಡ್ಕೊಳ್ಳೋದು ಅವನಿಷ್ಟ. ಹಾರೋದು ನಮ್ಮಿಷ್ಟ. ಹೌದೋ ಅಲ್ವೋ?"

ಕಾರ್ಯಕ್ರಮ ಮುಗಿದು ಹೊರಬಂದಾಗ ಡಾಕ್ಟರು ಕಾಯುತ್ತಿದ್ದರು. ಅವರ ವಿನಯವೂ ಅಂದು ಸ್ವಲ್ಪ ಹರಿದಿತ್ತು. "ಎಷ್ಟು ಒಳ್ಳೆ ಹಾಡು ಕೆಡಿಸಿಬಿಟ್ರಿ ಅಮ್ಮಾ. ನಿಮಗೆ ಸರಿಯಾದ್ದು ಯಾವುದು ಅಂತ ಗೊತ್ತಾದ ಮೇಲೂ..."

"ಕೆಡಿಸಿದ್ದು ಹೌದು," ಎಂದಳು, ಒಂದಿಷ್ಟೂ ಬಾಗದೆ. "ನಿಮ್ಮ ಹಾಡು ಸರಿ ಡಾಕ್ಟ್ರೇ, ನಾನು ಇಲ್ಲ ಅನ್ನಲ್ಲ. ಆದ್ರೆ ಅದನ್ನ ಕೇಳಿದ್ರೆ ನಾನು ವಾಪಸ್ ಹೋಗಿರ್ತಿದ್ದೆ. ನಂದು ತಪ್ಪು ಹಾಡೇ ಇರಲಿ ಬಿಡಿ. ನಾನು ಹೋಗಲಿಲ್ಲ."



ಇಂಥವರನ್ನು ನಾವು ಅಭಿಮಾನಿಗಳು ಎಂಬ ಸಸಾರದ ಹೆಸರಿನಿಂದ ಕರೆದು, ಒಂದು ಮುಗುಳ್ನಗೆಯಲ್ಲಿ ತೀರಿಸಿಬಿಡುತ್ತೇವೆ. ಬಲ್ಲವರು ಅವರಿಗೆ ಕೃತಿಯ ಶುದ್ಧಪಾಠವನ್ನು ತೋರಿಸಿಕೊಟ್ಟು ಉಪಕಾರ ಮಾಡಿದೆವೆಂದುಕೊಳ್ಳುತ್ತಾರೆ. ಆದರೆ ಹಾಡು ಕಟ್ಟಿದವನು ಕಟ್ಟಿ ಮುಗಿಸಿ ಎದ್ದು ಹೋಗುತ್ತಾನೆ. ಅದನ್ನು ಹೊತ್ತುಕೊಂಡು ಕೆಲಸಕ್ಕೆ ಹೋಗಿ, ಜಗಳವಾಡಿ, ಹಠ ಹಿಡಿದು, ಸೋಲಬೇಕಾದ ದಿನ ಸೋಲದೆ ಹಿಂದಿರುಗಿ, ಅದರ ಜೊತೆಯಲ್ಲೇ ಮುದುಕರಾಗುವವರು ಇವರು. ಅವರು ಕೇಳಿದ್ದು ತಪ್ಪೇ ಇರಬಹುದು. ತಪ್ಪಾಗಿ ಕೇಳಿದ್ದನ್ನು ಒಂದು ಆಯುಷ್ಯಪೂರ್ತಿ ಸರಿಯಾಗಿ ಬದುಕಿ ತೋರಿಸಿದ ಮೇಲೆ, ಅದನ್ನು ತಿದ್ದುವ ಅಧಿಕಾರ ಹಾಡು ಬರೆದವನಿಗೂ ಇಲ್ಲ.