ಅಣ್ಣನ ಬೈಕಿನ ಉಲ್ಟಾ ಕಾಕ್

ಅಣ್ಣನ ಜಾಕೆಟ್ಟು ಗಡ್ಡನ ಮೈಗೆ ಹಿಡಿಸುತ್ತಿರಲಿಲ್ಲ. ಜಿಪ್ಪು ಹೊಟ್ಟೆಯ ತನಕ ಬಂದು ಕೈಚೆಲ್ಲಿತ್ತು. ಆ ಬೆಳಿಗ್ಗೆ ತಂಗಿಗೆ ಹಿತವೆನಿಸಿದ್ದು ಅದೊಂದೇ.

"ಉಸಿರು ಬಿಗಿಹಿಡಿದು ಎಳೀರಿ," ಅಂದಳು ಅತ್ತಿಗೆ.

"ಒಳಗಿರೋದು ಉಸಿರಲ್ಲ ಅತ್ತಿಗೆ, ಊಟ. ಬಿಗಿಹಿಡಿದ್ರೂ ಜಾಗ ಬಿಡಲ್ಲ."

ಅತ್ತಿಗೆ ನಕ್ಕಳು. ಅಣ್ಣ ಸತ್ತು ವರ್ಷವಾಗಿತ್ತು, ಅಷ್ಟು ದಿನದಲ್ಲಿ ಅವಳು ನಕ್ಕಿದ್ದನ್ನು ತಂಗಿ ನೋಡಿರಲಿಲ್ಲ. ಮೊದಲ ನಗುವೂ ಗಡ್ಡನ ಪಾಲಿಗೇ ಹೋಯಿತು. ಅಣ್ಣನ ಗೆಳೆಯ, ಗ್ಯಾರೇಜಿನವನು, ಎಲ್ಲರ ಬಾಯಲ್ಲೂ 'ಗಡ್ಡ', ಅಷ್ಟೇ. ಇವನು ಯಾವ ಲೆಕ್ಕದಲ್ಲಿ 'ಅತ್ತಿಗೆ' ಅನ್ನುತ್ತಾನೆ?

ಅಣ್ಣ ಡಯಾಲಿಸಿಸ್‌ಗೆ ಹೋಗುತ್ತಿದ್ದ ಆಸ್ಪತ್ರೆಯಲ್ಲಿ ಯಂತ್ರಗಳು ಸಾಲದೆ ಜನ ವರಾಂಡದ ಬೆಂಚಿನಲ್ಲಿ ಕಾಯುತ್ತಿದ್ದರು. ಅಲ್ಲಿಗೆ ಇನ್ನೊಂದು ಯಂತ್ರ ಕೊಡಿಸಲು ಅವನ ಬೈಕ್ ಗೆಳೆಯರು ದೇಣಿಗೆ ಎತ್ತಿದ್ದರು. ಇವತ್ತು ಅವನ ನೆನಪಿಗೆ ಎಲ್ಲರೂ ಊರು ಸುತ್ತಿ ಆಸ್ಪತ್ರೆಗೆ ಹೋಗಿ ಅದನ್ನು ಒಪ್ಪಿಸುವುದು. ಆ ಗುಂಪಿಗೆ ಒಂದು ನೇಮವಿತ್ತು. ಸತ್ತವನ ಬೈಕು ಎಲ್ಲಕ್ಕಿಂತ ಮುಂದೆ ಹೋಗಬೇಕು. ಅದನ್ನು ಯಾರೂ ದಾಟುವಂತಿಲ್ಲ, ಅದು ನಿಂತರೆ ಎಲ್ಲರೂ ನಿಲ್ಲಬೇಕು.

ಆ ಬೈಕಿನ ಮೇಲೆ ಕೂರುವವಳು ತಾನೇ ಎಂದು ತಂಗಿ ನಂಬಿದ್ದಳು. ಗೇರು ಬದಲಿಸಲು ಕಲಿತದ್ದೇ ಅದರ ಮೇಲೆ. ಅತ್ತಿಗೆ ಕೀಲಿ ತಂದು ಗಡ್ಡನ ಕೈಗಿಟ್ಟಳು.

"ಇಷ್ಟೊಂದು ಗಾಡಿ ಹಿಂದೆ ಇಟ್ಕೊಂಡು ಓಡಿಸಿ ಅವರಿಗೆ ರೂಢಿ ಇದೆ ಕಣೆ. ನೀನು ಸ್ಕೂಟರ್‌ನಲ್ಲಿ ಅವರ ಹಿಂದೇನೇ ಬಾ," ಎಂದು ಹೇಳಿ ಯಾರದೋ ಕಾರು ಹತ್ತಿ ಆಸ್ಪತ್ರೆಗೆ ಮುಂಚಿತವಾಗಿ ಹೊರಟುಹೋದಳು.

ತಂಗಿ ವಾದಿಸಲಿಲ್ಲ. ಅವಳ ಹತ್ತಿರ ಬೇರೆ ಉಪಾಯವಿತ್ತು.

ಟ್ಯಾಂಕಿನ ಕೆಳಗಿನ ಪೆಟ್ರೋಲ್ ಕಾಕ್ ಆ ಬೈಕಿನಲ್ಲಿ ಉಲ್ಟಾ ಇತ್ತು. 'ಆನ್' ಎಂದು ಬರೆದ ಕಡೆ ತಿರುಗಿಸಿದರೆ ಪೆಟ್ರೋಲ್ ಬಂದ್, 'ಆಫ್' ಕಡೆ ತಿರುಗಿಸಿದರೆ ಚಾಲೂ. "ಕಳ್ಳನಿಗೂ ಗೊತ್ತಾಗಬಾರದು, ನನಗೆ ನಿನಗೆ ಇಬ್ಬರಿಗೇ ಇರಲಿ," ಎಂದಿದ್ದ ಅಣ್ಣ. ಗೊತ್ತಿಲ್ಲದವನು 'ಆನ್' ಮಾಡಿ ಹೊರಟರೆ, ಕಾರ್ಬುರೇಟರಿನಲ್ಲಿ ಉಳಿದ ಪೆಟ್ರೋಲಿನಲ್ಲಿ ಬೈಕು ಸ್ವಲ್ಪ ದೂರ ಓಡುತ್ತದೆ. ಆಮೇಲೆ ಕೆಮ್ಮಿ ನಿಲ್ಲುತ್ತದೆ. ಮೇಲ್ಸೇತುವೆಯ ಹತ್ತಿರ ಇರಬಹುದು, ತಂಗಿ ಅಂದಾಜು ಹಾಕಿದ್ದಳು. ಹಿಂದಿನ ಸಾಲೆಲ್ಲ ನಿಲ್ಲುತ್ತದೆ. ಗಡ್ಡ ಕಿಕ್ ಹೊಡೆದು ಹೊಡೆದು ಬೆವರುತ್ತಾನೆ. ಆಗ ತಾನು ಇಳಿದು ಹೋಗಿ, ಬಗ್ಗಿ, ಒಂದೇ ಬೆರಳಿನಲ್ಲಿ ಕಾಕ್ ತಿರುಗಿಸಬೇಕು. ಯಾರು ಯಾರಿಗೆ ಏನಾಗಬೇಕು ಎಂಬುದನ್ನು ಎಲ್ಲರೂ ನೋಡಲಿ.

ಗಡ್ಡ ಬೈಕಿನ ಪಕ್ಕ ಕೂತು ಏನೋ ತಿರುಗಿಸಿದ. ಅವನ ಬೆನ್ನು ಅಡ್ಡವಿದ್ದುದರಿಂದ ತಂಗಿಗೆ ಕಾಣಲಿಲ್ಲ. ಅವಳು ಸ್ಕೂಟರ್ ಹತ್ತಿ ಅವನ ಹಿಂದೆ ನಿಂತಳು.

ಮೇಲ್ಸೇತುವೆ ಬಂತು. ಬೈಕು ಹತ್ತಿತು, ಇಳಿಯಿತು. ಬಸ್ ನಿಲ್ದಾಣ ದಾಟಿತು, ಮಾರುಕಟ್ಟೆ ದಾಟಿತು. ಅಣ್ಣನ ಜಾಕೆಟ್ಟು ಗಾಳಿಗೆ ಉಬ್ಬಿಕೊಂಡು ಅವಳ ಕಣ್ಣೆದುರೇ ಹೋಗುತ್ತಿತ್ತು. ಒಂದು ಸಲವೂ ಕೆಮ್ಮಲಿಲ್ಲ.

ಹಾಗಾದರೆ ಇವನಿಗೂ ಗೊತ್ತು. ಅಣ್ಣ ಇವನಿಗೂ ಹೇಳಿದ್ದಾನೆ. ಇಬ್ಬರಿಗೇ ಇರಲಿ ಎಂದವನು ಮೂರನೆಯವನಿಗೂ ಅದನ್ನೇ ಹೇಳಿದ್ದಾನೆ. ಅವಳಿಗೆ ಗಡ್ಡನ ಮೇಲಿದ್ದ ಉರಿ ಸತ್ತವನ ಮೇಲೂ ತಿರುಗಿತು.

ಆಸ್ಪತ್ರೆಯಲ್ಲಿ ಡಯಾಲಿಸಿಸ್ ಕೋಣೆಯ ನರ್ಸಮ್ಮ ನೇರ ಗಡ್ಡನ ಹತ್ತಿರ ಬಂದರು. "ಅಣ್ಣ ಹೋದ ಮೇಲೆ ಈ ಕಡೆ ಮುಖಾನೇ ಹಾಕ್ಲಿಲ್ಲವಲ್ಲಪ್ಪ!" ಅಂದರು. ಆಮೇಲೆ ತಂಗಿಯ ಕಡೆ ನೋಡಿ, "ಇವರು?"

ತಂಗಿ ಕನ್ನಡಕದ ಅಂಗಡಿಯಲ್ಲಿ ಲೆನ್ಸ್ ಉಜ್ಜುವವಳು. ಮಾಲೀಕ ರಜೆ ಕೊಡುತ್ತಿರಲಿಲ್ಲ. ಅಣ್ಣನನ್ನು ಪ್ರತಿ ಸಲ ಕರೆತಂದು ಕೂರಿಸಿ, ಮುಗಿಯುವ ತನಕ ಕಾದು, ಮನೆಗೆ ಮುಟ್ಟಿಸಿದವನು ಗಡ್ಡ. ಇಲ್ಲಿಯವರಿಗೆ ಅವನೇ ಒಡಹುಟ್ಟಿದವನು, ಇವಳು 'ಇವರು'.

"ಇವಳೇ ಸ್ವಂತ ತಂಗಿ. ನಾನು ಬರೀ ಡ್ರೈವರ್," ಅಂದ ಗಡ್ಡ. ಅವನು ಹಾಗೆ ಬಿಟ್ಟುಕೊಟ್ಟದ್ದೂ ಅವಳಿಗೆ ಸೇರಲಿಲ್ಲ.

ಯಂತ್ರ ಒಪ್ಪಿಸಿ ಹೊರಗೆ ಬಂದ ಮೇಲೆ ಕೀಲಿ ಚಾಚಿದ. "ವಾಪಸ್ ಹೋಗ್ತಾ ನೀನು ಓಡಿಸು. ನಿನ್ನ ಸ್ಕೂಟರ್ ನಾನು ತರ್ತೀನಿ. ಆಮೇಲೆ, ಆ ಕಾಕ್..."

"ನನಗೆ ಗೊತ್ತು. ಅದನ್ನೂ ನೀವೇ ಹೇಳಿಕೊಡ್ಬೇಕಾ?"

"ಅಲ್ಲ, ಒಂದು ಮಾತು..."

"ಗೊತ್ತು ಅಂದ್ನಲ್ಲ!"

ಗಡ್ಡ ಅವಳ ಸ್ಕೂಟರಿನ ಕಡೆ ನಡೆದ. ಕಾಕ್ 'ಆನ್' ಕಡೆ ಇತ್ತು. ಗಾಡಿ ನಿಲ್ಲಿಸಿ ಬಂದ್ ಮಾಡುವುದನ್ನೂ ಅಣ್ಣನಂತೆಯೇ ಕಲಿತಿದ್ದಾನೆ ಎಂದುಕೊಂಡು, ಹಲ್ಲು ಕಚ್ಚಿ, 'ಆಫ್' ಕಡೆ ತಿರುಗಿಸಿ ಹೊರಟಳು.

ಮಾರುಕಟ್ಟೆಯ ವೃತ್ತದ ನಟ್ಟನಡುವೆ ಬೈಕು ಎರಡು ಸಲ ಕೆಮ್ಮಿ ನಿಂತಿತು. ನೇಮದ ಪ್ರಕಾರ ಹಿಂದಿನ ಸಾಲೆಲ್ಲ ನಿಂತಿತು. ಆಟೋದವರು ಹಾರ್ನ್ ಬಾರಿಸಿದರು. ಅವಳು ಕಿಕ್ ಹೊಡೆದಳು, ಮತ್ತೆ ಹೊಡೆದಳು, ಬೆವರಿದಳು. ಗಡ್ಡ ಸ್ಕೂಟರ್ ಇಳಿದು ಬಂದು, ಬಗ್ಗಿ, ಒಂದೇ ಬೆರಳಿನಲ್ಲಿ ಕಾಕ್ ತಿರುಗಿಸಿದ.

"ಹೋದ ವಾರ ಸರಿ ಮಾಡಿದೆ. ಅದನ್ನೇ ಹೇಳೋಕೆ ಬಂದೆ."

"ಸರಿ ಮಾಡಿ ಅಂತ ನಿಮಗೆ ಯಾರು ಹೇಳಿದ್ರು?"

"ಅವನೇ. ಅಲ್ಲಿ ಸೂಜಿ ಚುಚ್ಚಿಸ್ಕೊಂಡು ಕೂತಿದ್ದಾಗ. 'ಇನ್ನು ಬೈಕು ತಂಗೀದು, ಎಲ್ಲಾದ್ರೂ ನಡುರಸ್ತೇಲಿ ನಿಂತ್ಕೊಂಡ್ರೆ ಕಷ್ಟ' ಅಂದ. ನನಗೇ ಇಷ್ಟು ದಿನ ಮನಸ್ಸು ಬರ್ಲಿಲ್ಲ. ಉಲ್ಟಾ ಹಾಕಿದ್ದೇ ನಾನಲ್ವಾ? ಒಂದ್ಸಲ ದಾರೀಲಿ ಕಾಕ್ ಸೋರಿ, ಗುಜರೀಲಿ ಸಿಕ್ಕಿದ್ದನ್ನ ಹಾಕಿಕೊಟ್ಟಿದ್ದೆ. ನಾಳೆ ಬದಲಿಸ್ತೀನಿ ಅಂತಿದ್ದ ನಿಮ್ಮಣ್ಣ ಬದಲಿಸ್ಲೇ ಇಲ್ಲ."

ಅವಳು ಹ್ಯಾಂಡಲ್ ಹಿಡಿದು ನಿಂತಳು. ಬೈಕು ಅವಳಿಗೇ ಸಿಕ್ಕಿತ್ತು. ಆದರೆ ಅವಳ ಬಗ್ಗೆ ಯೋಚಿಸಿದ್ದನ್ನೂ ಅಣ್ಣ ಇವನಿಗೇ ಹೇಳಿದ್ದ.

"ಮನೆಗೆ ಹೋದ ಮೇಲೆ ಮೊದಲಿನ ಹಾಗೇ ಹಾಕಿಸ್ಬೇಕು."

"ಉಲ್ಟಾನಾ?"

"ಉಲ್ಟಾನೇ."

"ಆಯ್ತು ತಾಯಿ. ನಾನು ಹಾಕ್ಬೋದಾ, ಇಲ್ಲಾ ಬೇರೆ ಮೆಕ್ಯಾನಿಕ್ಕನ್ನ ಹುಡುಕ್ತೀಯಾ?"

ಬೇರೆಯವನನ್ನೇ ಹುಡುಕುತ್ತೇನೆ ಎನ್ನಬೇಕೆಂದು ನಾಲಿಗೆಯ ತುದಿಗೆ ಬಂತು. ಆದರೆ ಬೇರೆಯವನು ನೆಟ್ಟಗೆ ಹಾಕಿಬಿಡುತ್ತಾನೆ.

"ನೀವೇ ಹಾಕಿ," ಅಂದಳು. ಹೆಲ್ಮೆಟ್ಟಿನ ಗಾಜು ಕೆಳಗೆಳೆದುಕೊಂಡು ಕಿಕ್ ಹೊಡೆದಳು. "ಆ ಜಾಕೆಟ್ಟು ಮಾತ್ರ ಇವತ್ತೇ ಬಿಚ್ಚಿ ಕೊಡಿ."