ಎರಡು ಬಿಳಿ ಪೊಟ್ಟಣ

ಉಪ್ಪಿನ ಡಬ್ಬಿಯ ಚೀಟಿ ಒಂದು ಮೂಲೆಯಲ್ಲಿ ಎದ್ದಿದೆ, ಹೆಬ್ಬೆರಳಿನಿಂದ ಒತ್ತುತ್ತೇನೆ, ಮತ್ತೆ ಏಳುತ್ತದೆ — ಪಕ್ಕದಲ್ಲಿ ಸಕ್ಕರೆ, ರವೆ, ಸೋಡಾ, ಎಲ್ಲದರ ಮೇಲೂ ಮರಾಠಿಯಲ್ಲಿ ಒಮ್ಮೆ, ಕನ್ನಡದಲ್ಲಿ ಒಮ್ಮೆ, ನೂರಾ ಹನ್ನೆರಡು ಡಬ್ಬಿ, ನಿನ್ನೆ ಎರಡು ಸಲ ತಾಳೆ ನೋಡಿದ್ದೇನೆ, ಬೆಳಿಗ್ಗೆ ಅಂಗಡಿಯ ಶಟರ್ ಎತ್ತಿದಾಗ ಮೊದಲು ಬಂದ ಸುಲಭಾ ಕಾಕು ಕನ್ನಡಕ ಏರಿಸಿ ನೋಡಿದರು, ಹರ್ಷದಾ, ಉಪ್ಪಿಗೂ ಹೆಸರ ಬರದೀಯಲ್ಲವ್ವಾ, ನಾಳೆ ನನ್ನ ಹಣಿಗೂ ಒಂದು ಚೀಟಿ ಹಚ್ಚತೀ ನೋಡ, ನಿಮ್ಮಪ್ಪ ಕಣ್ಣ ಮುಚ್ಚಿ ಕೊಡತಿದ್ದ — ಹೌದ್ರಿ ಕಾಕು, ಅಪ್ಪನಿಗೆ ಬೆರಳ ತುದಿಯಲ್ಲೇ ಎಲ್ಲ ಗೊತ್ತಿತ್ತು, ಅವನಪ್ಪ ವಿಜಯಪುರದ ಕಡೆಯಿಂದ ಬಂದು ಪುಣೆಯ ಮಾರ್ಕೆಟ್ ಯಾರ್ಡಿನಲ್ಲಿ ಚೀಲ ಹೊತ್ತವನು, ಹರಿದ ಚೀಲಗಳಿಂದ ಸೋರಿದ ಕಾಳು ಗುಡಿಸಿ ತಂದರೆ ಅಜ್ಜಿ ಕೇರಿ ಹಸನು ಮಾಡುತ್ತಿದ್ದಳು, ಅದನ್ನು ಮಾರಿದ್ದೇ ಈ ಅಂಗಡಿಯ ಆರಂಭ, ಅಪ್ಪ ನಲವತ್ತು ವರ್ಷ ನಡೆಸಿದ, ಕಾಗದ ಮಡಚುವುದನ್ನು ನನಗೆ ಕಲಿಸಿದ, ಮೂಲೆ ಒಳಗೆ, ದಾರ ಎರಡು ಸುತ್ತು. ವರ್ಷದ ಅಕ್ಕಿ ಕೊಂಡವರಿಗೆ ಬೋರಿಕ್ ಪುಡಿ ಪುಕಟ್, ಹುಳ ಹಿಡಿಯದಂತೆ ಅಕ್ಕಿಗೆ ಕಲಸಿಡುವುದು, ಅಡಿಗೆಗೆ ಮೊದಲು ತೊಳೆಯುವುದು, ಯಾರಿಗೂ ಹೇಳುವ ವಾಡಿಕೆಯಿಲ್ಲ, ಹೇಳೋದೇನದ, ಪುಣೆದಾಗ ಸಣ್ಣ ಹುಡುಗರಿಗೂ ಗೊತ್ತದ, ಅನ್ನುತ್ತಿದ್ದ ಅಪ್ಪ.

ಎರಡು ವರ್ಷದ ಹಿಂದೆ, ಆ ರವಿವಾರ ಅಪ್ಪ ಊಟಕ್ಕೆ ಹೋಗಿದ್ದ, ಗಲ್ಲಾ ಪೆಟ್ಟಿಗೆಯ ಹಿಂದೆ ನಾನಿದ್ದೆ, ತಳೇಗಾಂವದ ಕಾರ್ಖಾನೆಯ ಪ್ರಯೋಗಾಲಯದಲ್ಲಿ ವಾರವಿಡೀ ಪ್ರತಿ ಬಾಟಲಿಗೂ ಹೆಸರು, ತಾರೀಖು, ಸಹಿ ಹಾಕುವ ನಾನು — ಹಿಂದಿನ ಓಣಿಗೆ ಹೊಸದಾಗಿ ಬಂದಿದ್ದ ಮಂಡ್ಯ ಕಡೆಯ ದೇವೀರಮ್ಮನಿಗೆ ಅಕ್ಕಿ ತೂಗಿ, ಅವರು ಕೇಳಿದ ಸೋಡಾ ಒಂದು ಪೊಟ್ಟಣ, ಕೇಳದ ಬೋರಿಕ್ ಒಂದು ಪೊಟ್ಟಣ, ಅದೇ ಬಿಳಿ ಕಾಗದ, ಎರಡು ಸುತ್ತು ದಾರ, ಎರಡರ ಮೇಲೂ ಒಂದಕ್ಷರವಿಲ್ಲ. ಸೋಡಾ ಎಂದು ಅವರು ಹಿಟ್ಟಿಗೆ ಹಾಕಿದ್ದು ಬೋರಿಕ್, ಇಡ್ಲಿ ಉಬ್ಬಲಿಲ್ಲವೆಂದು ಮರುದಿನ ಇನ್ನೊಂದು ಚಮಚ, ಅದರ ಮರುದಿನ ಮತ್ತೊಂದು, ಬೋರಿಕ್ ಹೇಗೆ ಉಬ್ಬಿಸೀತು, ಅದರಲ್ಲಿ ಏಳುವ ಅನಿಲವೇ ಇಲ್ಲ, ಒಂದೂವರೆ ವರ್ಷದ ಮೊಮ್ಮಗಳು ಚಿನ್ನುವಿಗೆ ಇಡ್ಲಿ ಬಿಟ್ಟರೆ ಬೇರೆ ಸೇರುತ್ತಿರಲಿಲ್ಲ, ವಾಂತಿ, ಸುಟ್ಟಂತೆ ಕೆಂಪಾದ ಚರ್ಮ, ಆಸ್ಪತ್ರೆಯಲ್ಲಿ ಐದನೆಯ ದಿನ ಮಗು ಹೋಯಿತು. ಪೊಲೀಸರ ಮುಂದೆ ಅಪ್ಪ, ಪುಡಿ ಕಟ್ಟಿದಾಂವ ನಾನ ರೀ, ಮ್ಯಾಲ ಬೋರಿಕ್ ಅಂತ ಬರದಿದ್ದೆ — ಕಾಗದ ಕಸದ ಗಾಡಿಯಲ್ಲಿ ಎಂದೋ ಹೋಗಿತ್ತು, ಓದದೆ ಹಾಕಿದ್ದು ಮುದುಕಿಯ ತಪ್ಪು ಎಂದು ಪ್ರಕರಣ ಮುಗಿಯಿತು, ಮನೆಗೆ ಬಂದು ಚಪ್ಪಲಿ ಬಿಡುತ್ತ ಅಪ್ಪ, ನೀ ಸುಮ್ಮನಿರು, ಅಂದ, ನಾನು ಸುಮ್ಮನಿದ್ದೆ. ಗಿರಾಕಿ ಬರುವುದು ನಿಂತಿತು, ಶಟರ್ ಎರಡು ವರ್ಷ ಇಳಿದೇ ಇತ್ತು, ಅಪ್ಪ ಹೋದ ಮಾಘದಲ್ಲಿ ತೀರಿಕೊಂಡ, ನಾನು ಕೆಲಸ ಬಿಟ್ಟು ಗೋಡೆಗೆ ಬಣ್ಣ ಹೊಡೆಸಿ, ಹೊಸ ಕಪಾಟು ಹಾಕಿಸಿ, ಚೀಟಿ ಬರೆದು ಬರೆದು —

ಎದುರಿಗೆ ದೇವೀರಮ್ಮ ನಿಂತಿದ್ದಾರೆ, ಎಷ್ಟು ಹೊತ್ತಿನಿಂದಲೋ, ಕೈಯಲ್ಲಿ ಚೀಲವಿಲ್ಲ. ಬರ್ರಿ, ಏನ್ ಕೊಡ್ಲಿ. ಏನೂ ಬ್ಯಾಡ ಕಣವ್ವ, ಒಂದ್ ಮಾತ್ ಕೇಳೋಣ ಅಂತ ಬಂದೆ, ನಿಮ್ಮಪ್ಪ ಇದ್ದಾಗ ಧೈರ್ಯ ಬರ್ಲಿಲ್ಲ, ಆ ಪೊಟ್ಟಣದ ಮೇಲೆ ನಿಜವಾಗ್ಲೂ ಬರ್ದಿತ್ತಾ? ನನ್ ಮಗ ಕಾರ್ತಿಕ ಅವತ್ತಿಂದ ನನ್ ಕೈಲಿ ನೀರೂ ಈಸ್ಕೊಳಲ್ಲ, ಬರ್ದಿದ್ದನ್ನ ಯಾರ್ಗೂ ತೋರಿಸ್ದೆ ಹಾಕ್ಬಿಟ್ಟೆ ಅಂತಾನೆ, ನಂಗೆ ಓದಕ್ ಬರಲ್ವಲ್ಲವ್ವ, ಆದ್ರೆ ಬರೀ ಬೆಳ್ಳಗಿದ್ದಂಗೆ ನೆಪ್ಪು.

ಓದಲು ಬರುವುದಿಲ್ಲ — ನೂರಾ ಹನ್ನೆರಡು ಚೀಟಿ, ಕನ್ನಡದ್ದನ್ನು ಅವರಿಗಾಗಿಯೇ ದಪ್ಪ ಅಕ್ಷರದಲ್ಲಿ ಬರೆದಿದ್ದೆ, ಅವರ ಕಣ್ಣು ಅವುಗಳ ಮೇಲೆ ಹಾದು ನನ್ನ ಬಾಯಿಯ ಮೇಲೆ ನಿಂತಿದೆ, ಬರೆದಿರಲಿಲ್ಲ, ಒಂದೇ ಮಾತು, ಹೇಳಿದರೆ ಈ ಹೊತ್ತು ಎತ್ತಿದ ಶಟರ್ ಈ ಹೊತ್ತೇ ಇಳಿಯುತ್ತದೆ, ಸತ್ತ ಅಪ್ಪ ಸುಳ್ಳನಾಗುತ್ತಾನೆ, ಹೇಳದಿದ್ದರೆ ಈಕೆ ಆ ಮನೆಗೇ ಮರಳಬೇಕು, ನೀ ಸುಮ್ಮನಿರು, ಕೈ ತಾನಾಗಿ ಕಾಗದ ಎಳೆದುಕೊಂಡಿದೆ, ಮಡಚುತ್ತಿದೆ, ಮೂಲೆ ಒಳಗೆ, ದಾರ ಒಂದು ಸುತ್ತು, ಎರಡು ಸುತ್ತು, ಒಳಗೆ ಏನೂ ಇಲ್ಲದ ಪೊಟ್ಟಣ, ಅಂದು ಕಟ್ಟಿಕೊಟ್ಟಂಥದೇ, ನಮ್ಮಿಬ್ಬರ ನಡುವೆ, ಬಿಳಿ, ಈ ಮೈ ಬಿಳಿ, ಹೊರಳಿಸಿದರೆ ಆ ಮೈಯೂ ಬಿಳಿ